ಪೇಪರಿನವರು ಹೇಳಿದ ಹವೆ

ಕುರುಗೋಡು,
೧೩-೯-೧೯೫೧, ಗುರುವಾರ

ನನ್ನ ಮಗಳಂಥ ಚನ್ನವೀರಮ್ಮನಿಗೆ,

ನಿನ್ನ ಅತ್ತೆ ಈರಮ್ಮ ಮಾಡುವ ಆಶೀರ್ವಾದ. ಕೆಮ್ಮು ಹೇಗಿದೆ? ಸಂಜೆ ಬರುತ್ತಿದ್ದ ಜ್ವರ ಇಳಿಯಿತೇ? ಆಸ್ಪತ್ರೆಯಲ್ಲಿ ದಿನಾ ತತ್ತಿ ಕೊಡುತ್ತಾರೆ, ಗಂಟಲಲ್ಲಿ ಇಳಿಯುವುದಿಲ್ಲ ಎಂದು ಬರೆದಿದ್ದೀ. ಔಷಧ ಎಂದು ಕಣ್ಣು ಮುಚ್ಚಿ ನುಂಗು. ಊರವರಿಗೆ ನಾನು ಹೇಳುವುದಿಲ್ಲ, ಶಿವನಿಗೆ ನಾನೇ ಸಮಾಧಾನ ಹೇಳುತ್ತೇನೆ. ಇಲ್ಲಿ ನನ್ನ ಮೊಣಕಾಲು ನೋವು ಬಿಟ್ಟರೆ ಎಲ್ಲ ಸರಿಯಾಗಿದೆ. ಈ ಅಕ್ಷರಗಳು ಸೊಟ್ಟಗಿದ್ದರೆ ಕಲಿಸಿದವಳು ನೀನು, ನಿನ್ನದೇ ತಪ್ಪು.

ನಿನ್ನ ಕಾಗದ ಓದಿದೆ. ನಿಮ್ಮ ಕಣಿವೆಯಲ್ಲಿ ಈಗ ಹೊತ್ತೇರುವವರೆಗೂ ಮಂಜು ಕದಲುವುದಿಲ್ಲ, ಸುತ್ತಲಿನ ಬೆಟ್ಟಗಳು ಕಾಣುವುದೇ ಇಲ್ಲ, ಮಳೆ ಹೋಗಿ ಚಳಿ ಬರುವ ಈ ಸಂಧಿಕಾಲ ಎದೆರೋಗದವರಿಗೆ ಕೆಟ್ಟದ್ದು ಎಂದು ಪಕ್ಕದ ಹಾಸಿಗೆಯವರು ಹೆದರಿಸುತ್ತಾರೆ ಎಂದು ಬರೆದಿದ್ದೀ. ಅಲ್ಲಿಯವರೆಗೆ ಸರಿ. ಅದರ ಕೆಳಗೆ, ‘ನನ್ನ ದಾರಿ ಕಾಯಬೇಡಿರಿ, ಅವರು ಬೇರೆ ಮದುವೆಯಾಗಲಿ, ನನ್ನದೇನೂ ಅಡ್ಡಿಯಿಲ್ಲ’ ಎಂದು ಸೇರಿಸಿದ್ದೀಯಲ್ಲ, ನಿನ್ನದು ಅಡ್ಡಿಯಿಲ್ಲದಿದ್ದರೆ ಇರಲಿ. ನನ್ನದಿದೆ.

ನೀನು ಬರೆಯುವ ಮೊದಲೇ ನಿನ್ನ ದೊಡ್ಡಮಾವ ಚಿದಾನಂದಪ್ಪನವರು ಅದೇ ಮಾತು ಶುರು ಮಾಡಿದ್ದರು. ಹೋದ ವಾರ ಬಳ್ಳಾರಿಯ ಕಂಟೋನ್ಮೆಂಟಿಗೆ ಹೋದವರು ಪೇಪರು ತಂದು, ಕಟ್ಟೆಯ ಮೇಲೆ ಕೂತು, ಒಳಗಿದ್ದ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಓದಿದರು. ಬೆಟ್ಟದ ಸೀಮೆಯಲ್ಲಿ ಮಳೆ ಮುಂದುವರಿಯುವುದಂತೆ, ಕಣಿವೆಗಳಲ್ಲಿ ದಟ್ಟ ಮಂಜು ಕವಿಯುವುದಂತೆ, ರಾತ್ರಿ ಚಳಿ ಹೆಚ್ಚುವುದಂತೆ. ನಮ್ಮ ಬಳ್ಳಾರಿ ಕಡೆ ಮಾತ್ರ ಒಣಹವೆಯಂತೆ. “ಕೇಳಿದೇನಮ್ಮಾ ಈರಮ್ಮಾ? ಆ ಮಂಜಿನಾಗ ಆಕಿ ಎದಿ ತಡೀತೈತೇನು? ದೀಪಾವಳಿ ಕಾಣಂಗಿಲ್ಲ ಆಕಿ. ಹುಡುಗನ ಬಾಳೇವು ಯಾಕ ಹಾಳು ಮಾಡ್ತಿ?” ಎಂದರು. “ಪೇಪರಿನ್ಯಾಗ ಹವಾ ಬರೀತಾರ್ರಿ ಭಾವಾರ, ಆಯುಷ್ಯ ಬರಿಯಂಗಿಲ್ಲ” ಎಂದೆ. ಅವರು ನಕ್ಕು ಪೇಪರು ಮಡಚಿದರು. ಆ ನಗುವಿನಲ್ಲೇ ನನಗೆ ತಿಳಿಯಬೇಕಿತ್ತು.

ಸೋಮವಾರ ಸಿರುಗುಪ್ಪದಿಂದ ಕೊಟ್ರಬಸಪ್ಪ ಎಂಬವರು ಹೆಂಡತಿಯನ್ನು ಕರೆದುಕೊಂಡು ಬಂಡಿಯಲ್ಲಿ ಬಂದಿಳಿದರು. ವರನನ್ನೂ ಮನೆಯನ್ನೂ ನೋಡಲು ಬಂದ ಹೆಣ್ಣಿನ ತಂದೆತಾಯಿ! ಬಳ್ಳಾರಿಯ ಕೌಲ್ ಬಜಾರಿನ ಸೈಕಲ್ ಅಂಗಡಿಯಲ್ಲಿ ಕೆಲಸದಲ್ಲಿದ್ದ ಜಡೆಪ್ಪನನ್ನೂ ಭಾವನವರು ಹಿಂದಿನ ದಿನವೇ ಕರೆಸಿದ್ದರು. ನಿನ್ನ ಗಂಡ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಾಪೆಯ ಮೇಲೆ ಕೂತಿದ್ದ. ಅಂಗಳದ ತುಂಬ ಶೇಂಗಾ ಹರವಿದ್ದರು. ಒಣಹವೆ ಎಂದು ಪೇಪರು ಹೇಳಿತ್ತಲ್ಲ, ಬಂದವರು ನಮ್ಮ ಬೆಳೆ ನೋಡಿದ ಹಾಗೂ ಆಯಿತು ಎಂದು.

ಮಂಡಕ್ಕಿ ಒಗ್ಗರಣೆಯ ತಟ್ಟೆ ಇನ್ನೂ ಖಾಲಿಯಾಗಿರಲಿಲ್ಲ, ಗುಡ್ಡದ ಹಿಂದಿನಿಂದ ಕರಿಮೋಡ ಎದ್ದುಬಂತು. ಹುಬ್ಬೆ ಮಳೆ, ಹೇಳಿ ಕೇಳಿ ಬರುವುದೇ? ದಪ್ಪ ಹನಿ ಬಿದ್ದದ್ದೇ ತಡ, ಮನೆಯವರು, ಬಂದವರು ಎಲ್ಲರೂ ಅಂಗಳಕ್ಕೆ ಓಡಿದರು. ಕೊಟ್ರಬಸಪ್ಪನವರು ಒಳ್ಳೆಯ ಮನುಷ್ಯ, ಧೋತರ ಮೇಲಕ್ಕೆ ಕಟ್ಟಿ ಗೋಣಿತಟ್ಟಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. “ಹುಡುಗನ ಬಗ್ಗೆ ನಿಮಗ ಏನು ಹೇಳ್ಯಾರ್ರಿ?” ಎಂದು ಕೇಳಿದೆ. “ಮೊದಲನೇಕಿ ತೀರಿಕೊಂಡು ವರ್ಷ ಆತಂತಲ್ಲವ್ವಾ. ಪಾಪ, ಸಣ್ಣ ವಯಸ್ಸು” ಎಂದರು.

ಚನ್ನವೀರಾ, ತವರಿಗೆ ಹೋದವಳು ತಿರುಗಿ ಬರುವುದಿಲ್ಲ ಎಂದೇನೋ ಹೇಳಿರಬಹುದು ಎಂದುಕೊಂಡಿದ್ದೆ. ಇಷ್ಟು ನಾನು ಎಣಿಸಿರಲಿಲ್ಲ. ಜಡೆಪ್ಪನಿಗೂ ಈ ಸುಳ್ಳು ಗೊತ್ತಿರಲಿಲ್ಲ, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಆ ಮಳೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನನ್ನ ಸೊಸಿ ಸತ್ತಿಲ್ರಿ. ಬೆಟ್ಟದ ಆಸ್ಪತ್ರ್ಯಾಗ ಅದಾಳ. ಮೊನ್ನಿ ನನಗ ಕಾಗದ ಬರದಾಳ. ಬದುಕಿದಾಕಿ ಮ್ಯಾಲ ನಿಮ್ಮ ಮಗಳನ್ನ ಕೊಡ್ತೀರೇನು?”

ಅವರು ತಟ್ಟು ಕೈಬಿಟ್ಟರು. ಶೇಂಗಾ ಎಲ್ಲ ನೀರಿನಲ್ಲಿ ಹರಿಯಿತು. “ಖರೇ ಏನಪಾ?” ಎಂದು ಜಡೆಪ್ಪನನ್ನು ಕೇಳಿದರು. ನಿನ್ನ ಗಂಡ ನೆಲ ನೋಡಿದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರೇ ನಿನ್ನ ದೊಡ್ಡಮಾವನ ಕಡೆ ತಿರುಗಿ, “ಜೀವ ಇದ್ದಾಕಿನ್ನ ಬಾಯಿಲೆ ಸಾಯಿಸೀರಲ್ಲ, ನಿಮ್ಮ ಮನಿ ನೀರೂ ಬ್ಯಾಡ” ಎಂದು ತೊಯ್ದ ಹೆಂಡತಿಯನ್ನು ಬಂಡಿ ಹತ್ತಿಸಿದರು. ಹೋಗುವಾಗ ನನಗೆ ಕೈ ಮುಗಿದರು. ನಾನೂ ಮುಗಿದೆ.

ಆಮೇಲಿನದನ್ನು ಉದ್ದ ಬರೆಯುವುದಿಲ್ಲ. ಮನೆ ಬಿಟ್ಟು ನಡಿ ಎಂದರು ಭಾವನವರು. “ಅರ್ಧ ಮನಿ ನನ್ನ ಗಂಡಂದು. ನಾ ನನ್ನ ಅರ್ಧದಾಗ ಕುಂತೀನಿ” ಎಂದೆ. ಈಗ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ನನ್ನ ರೊಟ್ಟಿ ನಾನೇ ಸುಟ್ಟುಕೊಳ್ಳುತ್ತೇನೆ. ಬೀಸುವ ಕಲ್ಲು ನನ್ನ ಪಾಲಿನ ಪಡಸಾಲೆಯಲ್ಲಿದೆ, ದೊಡ್ಡತ್ತೆ ದಿನಾ ಬಂದು ಕೇಳಬೇಕು. ಕೇಳುತ್ತಾಳೆ, ಕೊಡುತ್ತೇನೆ, ನಗುತ್ತೇವೆ, ಅವಳದೇನು ತಪ್ಪು? ತೊಯ್ದ ಶೇಂಗಾ ಮೊಳಕೆಯೊಡೆದು ನಾರುತ್ತಿದೆ. ಭಾವನವರು ಆಮೇಲೆ ಪೇಪರು ಮುಟ್ಟಿಲ್ಲ. ನಿನಗೆ ಗಾಳಿ ಬೆಳಕು ಬೇಕೆಂದು ಡಾಕ್ಟರು ಹೇಳಿದ್ದಾರಲ್ಲ, ಹಿಂದಿನ ಕೋಣೆಯ ಗೋಡೆಗೆ ಹಾರೆ ಹಾಕಿ ಕಿಟಕಿಯಷ್ಟು ಜಾಗ ಒಡೆದಿದ್ದೇನೆ. ಆ ರೋಗ ಓಣಿಗೆಲ್ಲ ಹತ್ತುತ್ತದೆ ಎಂದು ಪಕ್ಕದವರು ಗೊಣಗಿದರು. ಕಿಟಕಿ ನನ್ನ ಹಿತ್ತಿಲಿಗೆ ತೆರೆದಿದೆ, ನಿಮ್ಮ ಮೂಗಿಗಲ್ಲ ಎಂದೆ. ಜಡೆಪ್ಪ ಮಾತ್ರ ಅಂದೇ ಬಳ್ಳಾರಿಗೆ ಹೋದ. ಉಂಡು ಹೋಗು ಎಂದು ನಾನೂ ಕರೆಯಲಿಲ್ಲ. ಹೆತ್ತ ಮಗನ ಮೇಲಿನ ಸಿಟ್ಟು ಉಗುಳಲೂ ಬಾರದು, ನುಂಗಲೂ ಬಾರದು.

ಇವತ್ತು ಉತ್ತರೆ ಮಳೆ ಹುಟ್ಟಿದೆ. ನಿಮ್ಮ ಬೆಟ್ಟದಲ್ಲಿ ಮಳೆ ಯಾವಾಗ ನಿಲ್ಲುತ್ತದೋ, ಮಂಜು ಯಾವಾಗ ಸರಿಯುತ್ತದೋ ನನಗೆ ಗೊತ್ತಿಲ್ಲ. ಕುರುಗೋಡಿನ ಮಳೆ ತಿಳಿಯದವರಿಗೆ ನಿನ್ನ ಉಸಿರೂ ತಿಳಿಯದು, ಅಷ್ಟೇ ನನ್ನ ಲೆಕ್ಕ. ಮಂಜು ಬಂದರೆ ಬರಲಿ. ಕಿವಿಗೆ ಬಟ್ಟೆ ಕಟ್ಟಿಕೊ, ಬಿಸಿನೀರು ಕುಡಿ, ಬಿಸಿಲು ಬಂದಾಗ ಹೊರಗೆ ಕೂರು. ನೀನು ಬದುಕಿಯೇ ಬರುತ್ತೀ ಎಂದು ಆಣೆ ಮಾಡಲಾರೆ, ನಾನು ಜೋಯಿಸಳಲ್ಲ. ಆದರೆ ಉಸಿರಿರುವವರೆಗೆ ನಿನ್ನನ್ನು ಸತ್ತವಳೆಂದು ಎಣಿಸಲು ಯಾರಿಗೂ ಬಿಡುವುದಿಲ್ಲ, ನಿನಗೂ ಬಿಡುವುದಿಲ್ಲ. ಅಂಥ ಸಾಲು ಇನ್ನೊಮ್ಮೆ ಬರೆದರೆ ಕಾಗದ ಒಲೆಗೆ ಹೋಗುತ್ತದೆ.

ನಿನಗೆ ಔಷಧ ಕೊಡುವ ಆ ನರ್ಸಮ್ಮನಿಗೆ ನನ್ನ ಶರಣು ಹೇಳು. ನಮ್ಮೂರ ದೇವರು ದೊಡ್ಡಬಸಪ್ಪ ನಿನ್ನ ತಲೆ ಕಾಯಲಿ.

ನಿನ್ನ ಅತ್ತೆ,
ಈರಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಜಡೆಪ್ಪ ಬಂದ. ನಿನ್ನೆ ಒಬ್ಬನೇ ಸಿರುಗುಪ್ಪಕ್ಕೆ ಹೋಗಿದ್ದನಂತೆ. ಕೊಟ್ರಬಸಪ್ಪನವರ ಓಣಿಯಲ್ಲಿ ನಾಲ್ಕು ಜನರ ಎದುರಿಗೆ, “ನನ್ನ ಹೆಂಡತಿ ಬದುಕ್ಯಾಳ್ರಿ, ಅವತ್ತು ನನ್ನ ಬಾಯಿ ಬಿದ್ದು ಹೋಗಿತ್ತು, ತಪ್ಪಾತು” ಎಂದು ಹೇಳಿ ಬಂದಿದ್ದಾನೆ. ಭಾನುವಾರದ ರೈಲಿಗೆ ಗುಂತಕಲ್ಲಿನ ಮೇಲೆ ನಿನ್ನಲ್ಲಿಗೆ ಹೊರಡುತ್ತಾನೆ. ನಿನ್ನ ಮುಂದೆ ಅಳುತ್ತಾನೆ, ಅಳಲಿ. ಲಗುಬಗೆಯಲ್ಲಿ ಕ್ಷಮಿಸಬೇಡ. ಆದರೆ ವಾಪಸ್ಸೂ ಕಳಿಸಬೇಡ.