ಪುಂಡಿರಸದ ನೀಲಿ ಬೆಳಕು

ಗಾಜುವಾಕ, ವಿಶಾಖಪಟ್ಟಣ
14 ಜುಲೈ 2017

ಪ್ರೀತಿಯ ಅತ್ತೆಯವರಿಗೆ,

ಜಾಹ್ನವಿಯ ನಮಸ್ಕಾರಗಳು. ಫೋನು ಮಾಡಿದರೆ ಊಟ ಆಯ್ತಾ, ಮಾತ್ರೆ ತಗೊಂಡೆಯಾ ಅನ್ನುವುದರಲ್ಲೇ ನೀವು ಅರ್ಧ ಗಂಟೆ ಕಳೆಯುತ್ತೀರಿ, ನನ್ನ ಸರದಿ ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ಮೊದಲು ಸಿಹಿ ಸುದ್ದಿ. ನಿನ್ನೆ ಸಮಿತಿಯವರು ನನ್ನ ಸಂಶೋಧನೆಯನ್ನು ಮುಂದುವರಿಸಲು ಒಪ್ಪಿದರು! ಒಪ್ಪದಿದ್ದರೆ ಪಿಎಚ್‌ಡಿ ಬಿಟ್ಟು ವಿಜಯವಾಡಕ್ಕೆ ಮರಳುತ್ತೇನೆಂದು ನಿಮ್ಮ ಮಗನಿಗೆ ಮಾತು ಕೊಟ್ಟಿದ್ದೆನಲ್ಲ, ಸದ್ಯ ಬಚಾವಾದೆ.

ಈಗ ನಡೆದದ್ದನ್ನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ನಾನು ಪುಂಡಿಸೊಪ್ಪಿನ ರಸವನ್ನು ಲ್ಯಾಬಿನಲ್ಲಿ ಬಿಗಿಯಾಗಿ ಮುಚ್ಚಿ ಕಾಯಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣ ಮಾಡುತ್ತೇನೆ. ನೇರಳಾತೀತ ದೀಪ ಹಿಡಿದರೆ ಅವು ನೀಲಿಯಾಗಿ ಹೊಳೆಯುತ್ತವೆ. ಕಬ್ಬಿಣದ ಅಂಶ ಕರಗಿರುವ ನೀರು ಸೇರಿದರೆ ಹೊಳಪು ಆರುತ್ತದೆ, ನೀರಿನಲ್ಲಿ ಕಬ್ಬಿಣವಿದೆ ಎಂದು ನಮಗೆ ಗೊತ್ತಾಗುತ್ತದೆ. ಇಲ್ಲಿನವರು ಗೋಂಗೂರ ಎನ್ನುವ ಪುಂಡಿಸೊಪ್ಪು ಬಾಡಿರುತ್ತದೆ ಎಂದು ನೀವೇ ರಸ ತೆಗೆದು ಬಸ್ಸಿನಲ್ಲಿ ಬಾಟಲಿ ಕಳಿಸಿದಿರಿ. ಅದರಿಂದ ಮಾಡಿದ ಕಣಗಳು ಮಿಣುಕ್ಕೆನ್ನಲಿಲ್ಲ! ನನ್ನ ಗೈಡು ಫಣೀಂದ್ರ ಸರ್ ಮುಖ ಗಂಟು ಹಾಕಿಕೊಂಡು ವಿಷಯವನ್ನೇ ಬದಲಿಸು ಎಂದರು. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಹೋದ ವಾರ ರಸ ಯಾಕೆ ಕಪ್ಪಗಿದೆ ಎಂದು ಕೇಳಿದೆನಲ್ಲ. ದಾರಿಯಲ್ಲಿ ಕೆಡಬಾರದೆಂದು ಕುದಿಸಿದ್ದಾಗಿ ಹೇಳಿದಿರಿ. ಯಾವುದರಲ್ಲಿ ಎಂದು ಕೇಳಿದರೆ, ಸೊಸೆಗೆ ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮನೆಯಲ್ಲಿ ಎಲ್ಲವೂ ಕಬ್ಬಿಣದ ಬಾಣಲೆಯಲ್ಲೇ ಎಂದು ಹೆಮ್ಮೆಪಟ್ಟಿರಿ. ಅಷ್ಟು ಹುಳಿ ಕುದಿದರೆ ಬಾಣಲೆ ಕಬ್ಬಿಣ ಬಿಡದೇ ಇರುತ್ತದೆಯೇ ಅತ್ತೆ! ಫೋನಿಟ್ಟು ಹುಚ್ಚಿಯ ಹಾಗೆ ನಕ್ಕೆ.

ಆಮೇಲೆ ರೈತುಬಜಾರಿನ ಸೊಪ್ಪು ತಂದು, ಗಾಜಿನ ಪಾತ್ರೆಯಲ್ಲಿ ರಸ ಹಿಂಡಿ ಹೊಸದಾಗಿ ಕಣ ಮಾಡಿದೆ. ಬಂತು ನೋಡಿ, ಚೆಂದದ ನೀಲಿ!

ನಿನ್ನೆ ಸಮಿತಿಯ ಹೈಮಾವತಿ ಮೇಡಂ ಪಟ್ಟು ಹಿಡಿದರು. ಲ್ಯಾಬಿನ ಶುದ್ಧ ನೀರು ಸಾಲದು, ಜನ ಬಳಸುವ ಪದಾರ್ಥದಲ್ಲಿ ಕಬ್ಬಿಣ ಹಿಡಿದು ತೋರಿಸು ಎಂದರು. ನಾನು ನಿಮ್ಮ ಬಾಟಲಿಯನ್ನೇ ತೆಗೆದೆ. ನಾನು ಹಿಂಡಿದ ರಸ ಹಾಕಿದರೂ ಕಣಗಳಿದ್ದ ಗಾಜಿನ ಕೊಳವೆ ಹೊಳೆಯುತ್ತಲೇ ಇತ್ತು. ಇನ್ನೊಂದಕ್ಕೆ ನಿಮ್ಮ ರಸದ ಹನಿ ಬಿದ್ದದ್ದೇ ತಡ, ಬೆಳಕು ಆರಿತು. ಮೇಡಂ ಇನ್ನೊಮ್ಮೆ ಮಾಡಿಸಿ ನೋಡಿ, ಇದು ಎಲ್ಲಿಯದು ಎಂದು ಕೇಳಿದರು. ನಮ್ಮತ್ತೆಯವರ ಅಡುಗೆಮನೆಯದು ಎಂದೆ. ಫಣೀಂದ್ರ ಸರ್ ಕೂಡ ನಕ್ಕರು. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು.

ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ ಸೊಸೆ,
ಜಾಹ್ನವಿ

ತಾ.ಕ.: ಇನ್ನೆರಡು ವರ್ಷ ನನ್ನ ವಾಸ ಇಲ್ಲೇ. ವಿಜಯವಾಡದ ಬೆಂಜ್ ಸರ್ಕಲ್ಲಿನ ಮನೆಯಲ್ಲಿ ಹಗಲೆಲ್ಲ ಕನ್ನಡದಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ ಎಂದು ನೀವು ನಿಮ್ಮ ತಂಗಿಯ ಹತ್ತಿರ ಹೇಳಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ನಿನ್ನೆ ಸಂಜೆಯೇ ನಮ್ಮಿಬ್ಬರಿಗೆ ಸಾಕಾಗುವ, ಮೆಟ್ಟಿಲು ಹತ್ತಬೇಕಿಲ್ಲದ ಮನೆ ಗೊತ್ತುಮಾಡಿ ಬಂದೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಇನ್ನು ಮೇಲೆ ಊಟಕ್ಕೆ ಅವರು ಕೆಲಸ ಮಾಡುವ ಬ್ಯಾಂಕಿನ ಕ್ಯಾಂಟೀನೇ ಗತಿ ಎಂದು ನೀವೇ ತಿಳಿಸಿ, ಬಟ್ಟೆ ಕಟ್ಟಿಕೊಂಡು ಇಲ್ಲಿಗೆ ಹೊರಟುಬಿಡಿ.