ಮೊಳೆಗೆ ನೇತಾಡಿದ ಮೂರು ನಿಮಿಷ

ಜಮಖಂಡಿ
೧೧ ಜೂನ್ ೨೦೨೪, ಮಂಗಳವಾರ

ಪ್ರೀತಿಯ ಬಾಳೇಶನಿಗೆ ಶಶಿಕಾಂತನ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಅದರಲ್ಲಿ ಅರ್ಧ ಸುಳ್ಳು. ಇಚಲಕರಂಜಿಯಲ್ಲಿ ಮಳೆ ಹಿಡಿದಿದೆಯಂತೆ, ನಿನ್ನ ಮೊಣಕಾಲು ಮತ್ತೆ ತಂಟೆ ತೆಗೆದಿರಬೇಕು. ನಿನಗೆ ಕೊನೆಯ ಪತ್ರ ಬರೆದು ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಳ್ಳಲು ಹೋಗಿ ನಾಚಿಕೆಯಾಗಿ ಬಿಟ್ಟುಬಿಟ್ಟೆ. ಕೈಯಲ್ಲಿ ಫೋನಿರುವಾಗ ಈ ಮುದುಕ ಯಾಕೆ ಪತ್ರ ಬರೆದ ಎಂದು ನಿನಗೆ ಅನ್ನಿಸುತ್ತದೆ. ಕಳೆದ ವಾರ ನಾಲ್ಕು ಸಲ ಫೋನು ಮಾಡಿದೆನಲ್ಲ, ನಾಲ್ಕೂ ಸಲ ಮಳೆ, ಶುಗರ್, ನಿನ್ನ ಮೊಮ್ಮಗಳ ಪರೀಕ್ಷೆ ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟೆ. ಹೇಳಬೇಕಾದದ್ದು ಗಂಟಲತನಕ ಬಂದು ವಾಪಸು ಹೋಯಿತು. ಈ ಪತ್ರವನ್ನು ನೀನೇ ಓದು. ಕನ್ನಡಕ ಸಿಗಲಿಲ್ಲವೆಂದು ಮೊಮ್ಮಗಳ ಕೈಗೆ ಕೊಡಬೇಡ.

ಮೇ ತಿಂಗಳಲ್ಲಿ ಹುಲ್ಯಾಳಕರ ಮಾಸ್ತರರು ತೀರಿಕೊಂಡರು ಎಂದು ತಿಳಿಸಿದಾಗ ನೀನು ಒಂದೇ ಮಾತು ಹೇಳಿದೆ: “ಹೋದ್ರ ಹೋಗ್ಲಿ ಬಿಡು.” ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈಗ ಮಾಸ್ತರರ ಮೊಮ್ಮಗಳು ಮೃಣ್ಮಯಿ ಬನಹಟ್ಟಿಯ ಸಾಲೆಯ ಹಾಲಿನಲ್ಲಿ ಬರುವ ಭಾನುವಾರ ಸಭೆ ಇಟ್ಟಿದ್ದಾಳೆ. ಮಾಸ್ತರರ ಸಿನಿಮಾ ‘ಮೂರನೇ ಮಗ್ಗ’ ತೋರಿಸುತ್ತಾರೆ. ಅದರ ಚಿತ್ರೀಕರಣ ನಡೆದದ್ದು ನಿಮ್ಮ ಮನೆಯಲ್ಲಾದ್ದರಿಂದ ನಿನ್ನನ್ನೂ ಮಾತಾಡಲು ಕರೆದಿದ್ದಾಳೆ. ನೀನು ಒಪ್ಪಿಕೊಂಡೆಯೆಂದು ಕೇಳಿ ನನಗೆ ಖುಷಿಯಾಗಿತ್ತು, ಆ ದಿನ ಸಂಜೆ ನೀನೇ ಫೋನು ಮಾಡುವವರೆಗೆ. “ಬರತೇನಿ ಶಶ್ಯಾ. ಮೈಕ್ ನನ್ನ ಕೈಯಾಗ ಕೊಡ್ಲಿ. ನನ್ನ ತಂಗೀನ ಸಿನಿಮಾದಾಗಿಂದ ಅಳಿಸಿ ಹಾಕಿದಾಂವ, ಬಡವರ ಹುಡುಗಿ ಅಂತ ಕಿತ್ತಿ ಒಗದಾಂವ ಅಂತ ಊರ ಮುಂದ ಹೇಳ್ತೇನಿ. ನಲವತ್ತೈದ ವರ್ಷ ಕಾದೇನಿ.”

ಬಾಳೇಶ, ಹೇಳಬೇಡ. ನಿನ್ನ ಕಾಲು ಹಿಡಿಯುತ್ತೇನೆ, ಹೇಳಬೇಡ. ಮೊದಲ ಸಾಲಿನಲ್ಲಿ ಮಾಸ್ತರರ ಹೆಂಡತಿ ವತ್ಸಲಾಬಾಯಿಯವರು ಕೂತಿರುತ್ತಾರೆ. ಎಂಬತ್ನಾಲ್ಕು ವರ್ಷ. ಮೊನ್ನೆ ಹೋದಾಗ ಆ ತಾಯಿ ನನ್ನನ್ನು ಕೇಳಿದರು: “ಆ ಬಾಳೇಶ ಬರತಾನಂತ ಖರೇನಾ? ಈಗರೆ ಅವನ ಸಿಟ್ಟು ಇಳದಿರಬೇಕಲಾ. ಇವರಿಗೆ ಅದೊಂದ ಮನಸಿನ್ಯಾಗ ಉಳದಿತ್ತು ನೋಡು.” ನಾನು ಹ್ಞೂಂ ಎಂದು ಅವರು ಕೊಟ್ಟ ಚಹಾ ಕುಡಿದು ಬಂದೆ. ನನ್ನಂಥವನಿಗೆ ಚಹಾ ಬೇರೆ ಕೇಡು.

ನಿನಗೆ ನೆನಪಿದೆಯೇನು, ಇದೇ ಮಾಸ್ತರರಿಗಾಗಿ ನಾವು ಬನಹಟ್ಟಿಯಿಂದ ಜಮಖಂಡಿಗೆ ನಡೆದುಕೊಂಡು ಬಂದದ್ದು? ಅವರು ಡ್ರಾಯಿಂಗ್ ಮಾಸ್ತರಿಕೆ ಬಿಟ್ಟು ತೆಗೆದ ಮೊದಲ ಸಿನಿಮಾ, ‘ಕಡೇ ಹರಗೋಲು’. ಪರದೆಯ ಮೇಲೆ ಅಂಬಿಗ “ಯಾಕವ್ವಾ, ಇಷ್ಟ್ಯಾಕ ತಡಾ ಆತು” ಅಂದದ್ದೇ ತಡ, ಇಡೀ ಟಾಕೀಸು ನಕ್ಕುಬಿಟ್ಟಿತು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸಿನಿಮಾದವರು ನಮ್ಮ ಹಾಗೆ ಮಾತಾಡಬಹುದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಅಂಬಿಗ ಹರಗೋಲು ಹತ್ತುವ ಮೊದಲು ಕಾಲು ತೊಳೆದುಕೊಂಡು ನೀರಿಗೆ ಕೈ ಮುಗಿಯುತ್ತಾನೆ. ಇದು ಖರೆಯೋ ಸುಳ್ಳೋ ನೋಡಬೇಕೆಂದು ಮರುವಾರ ನನ್ನನ್ನು ಗಲಗಲಿಗೆ ಎಳೆದುಕೊಂಡು ಹೋದೆ. ಹೊಳೆಯ ದಂಡೆಯಲ್ಲಿ ಬಿಸಿಲು ಕಾಯುತ್ತಾ ಕೂತೆವು. ಅಲ್ಲಿನ ಅಂಬಿಗ ಥೇಟ್ ಹಾಗೇ ಮಾಡಿದ. “ಲೇ ಶಶ್ಯಾ, ನಾವು ಇಷ್ಟು ದಿನಾ ಕಣ್ಣು ಮುಚ್ಚಿಕೊಂಡ ಅಡ್ಡಾಡೇವಲೇ” ಅಂದೆ ನೀನು. ಆ ಮಾತಿನಿಂದಲೇ ನಾನು ರಬಕವಿಯ ಟಾಕೀಸಿನಲ್ಲಿ ಆಪರೇಟರ್ ಆದದ್ದು. ಮಾಸ್ತರರ ಎರಡನೇ ಸಿನಿಮಾ, ‘ಒಂದು ಡಬ್ಬಿ ಸುಣ್ಣ’ ನೋಡಿ ಬಂದ ಮರುದಿನ ನೀನು ತಂಗಿ ಯಲ್ಲಕ್ಕನನ್ನು ಮತ್ತೆ ಸಾಲೆಗೆ ಕಳಿಸಬೇಕೆಂದು ನಿಮ್ಮಪ್ಪನ ಎದುರು ನಿಂತು ಏಟು ತಿಂದೆ. ಅವಳು ಏಳನೇ ಇಯತ್ತೆಯವರೆಗೆ ಓದಿದಳು. ಒಬ್ಬ ಮನುಷ್ಯನ ಸಿನಿಮಾ ನಮ್ಮನ್ನು ಇಷ್ಟು ಕುಣಿಸಿತ್ತು.

ಆಮೇಲೆ ‘ಮೂರನೇ ಮಗ್ಗ’ ತೆಗೆಯಲು ಅವರೇ ನಿಮ್ಮ ಮನೆಗೆ ಬಂದರು. ಹಜಾರದಲ್ಲಿ ನಿಮ್ಮವ್ವ ಅನಸವ್ವ ಕೊಟ್ಟ ಚಹಾ ಕುಡಿಯುತ್ತಾ ಕೂತವರು, ಮೂಲೆಯಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ ಯಲ್ಲಕ್ಕನನ್ನು ನೋಡಿದರು. ಚಹಾ ಆರಿಹೋಯಿತು. “ನೀ ಏನೂ ಮಾಡಬ್ಯಾಡವಾ, ನಿನ್ನ ಕೆಲಸ ನೀ ಮಾಡು” ಅಂದರು. ಮೂರು ನಿಮಿಷ ಕ್ಯಾಮರಾ ಓಡಿತು. ಕೊನೆಗೆ ಎಳೆ ಹರಿಯಿತು, ಅವಳು ತುದಿಯನ್ನು ನಾಲಗೆಗೆ ಹಚ್ಚಿ ಗಂಟು ಹಾಕಿ, ತಲೆಯೆತ್ತಿ ನಕ್ಕಳು. ಮಾತಿಲ್ಲ, ಹಾಡಿಲ್ಲ. ಮಾಸ್ತರರು ಕ್ಯಾಮರಾದ ಪಕ್ಕದಲ್ಲೇ ಕಣ್ಣೊರೆಸಿಕೊಂಡದ್ದನ್ನು ನಾವಿಬ್ಬರೂ ನೋಡಿದ್ದೇವೆ. ಅಂಥವರು ಅದನ್ನು ಕಿತ್ತು ಒಗೆದರೆಂದು ನೀನು ನಂಬಿದೆ. ಯಾಕೆ ನಂಬಿದೆ? ನಾನು ಹೇಳಿದೆ, ಅದಕ್ಕೆ ನಂಬಿದೆ.

ಇಲ್ಲಿಯವರೆಗೆ ಬರೆದು ಎದ್ದು ಎರಡು ಸಲ ನೀರು ಕುಡಿದು ಬಂದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸಂತೆಯ ದಿನದ ಮೂರರ ಆಟ ನಿನಗೆ ಗೊತ್ತು. ಹಳ್ಳಿಯ ಜನ ಸಂತೆ ಮುಗಿಸಿ ಸಿನಿಮಾ ನೋಡಿ ಆರು ಗಂಟೆಯ ಗಲಗಲಿ ಬಸ್ಸಿಗೆ ಹೋಗಬೇಕು. ಅದು ತಪ್ಪಿದರೆ ಮತ್ತೆ ಬಸ್ಸಿಲ್ಲ. ಕಂಡಕ್ಟರ್ ಟಾಕೀಸಿನ ಬಾಗಿಲಿಗೇ ಬಂದು ಸೀಟಿ ಊದುತ್ತಿದ್ದ. ಅರ್ಧ ಜನ ಕೊನೆ ನೋಡದೆ ಎದ್ದು, ಮರುವಾರ ಬಂದು ನನಗೇ ಬೈಯುತ್ತಿದ್ದರು. ಅದಕ್ಕೆ ನಾವು ಆಪರೇಟರುಗಳೆಲ್ಲ ಒಂದು ರೂಢಿ ಮಾಡಿಕೊಂಡಿದ್ದೆವು. ಸಂತೆಯ ದಿನ ಬೆಳಿಗ್ಗೆ ನಡುವಿನ ಎರಡು ಮೂರು ತುಂಡು ಕತ್ತರಿಸಿ, ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತು ಹಾಕುವುದು. ಆಟ ಬಸ್ಸಿಗೆ ಸರಿಯಾಗಿ ಮುಗಿಯುತ್ತಿತ್ತು. ಮರುದಿನ ಮತ್ತೆ ಅಂಟಿಸುವುದು. ಬೇರೆ ಸಿನಿಮಾ ಆದರೆ ಒಂದು ಹಾಡು ತೆಗೆದರೆ ಸಾಕಿತ್ತು. ಮಾಸ್ತರರ ಸಿನಿಮಾದಲ್ಲಿ ಹಾಡೆಲ್ಲಿತ್ತು? ಯಾರೂ ಮಾತಾಡದ ಜಾಗ ಹುಡುಕಿ ಮೂರು ಕಡೆ ಕತ್ತರಿ ಹಾಕಿದೆ. ಅದರಲ್ಲಿ ಒಂದು ಯಲ್ಲಕ್ಕನದು.

ಹೌದು ಬಾಳೇಶ. ಮಾಸ್ತರರಲ್ಲ. ನಾನು.

ನೀವು ಅಮಾವಾಸ್ಯೆಗೆ ಬರುವವರಿದ್ದಿರಿ, ಮಗ್ಗಗಳಿಗೆ ಸೂಟಿ ಇರುವ ದಿನ. ನಾನು ಹಾಗೇ ತಿಳಿದಿದ್ದೆ. ಆದರೆ ನಿಮ್ಮ ಮನೆಯಲ್ಲಿ ಹಾಸುನೂಲು ಮುಗಿದು ಮಗ್ಗ ನಿಂತಿತೆಂದು ಆ ಸಂತೆಯ ದಿನವೇ ಹೊರಟು ಬಂದಿರಿ, ನಿಮ್ಮ ಓಣಿಗೆ ಓಣಿಯೇ. ಯಲ್ಲಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ನಾನು ಬೂತಿನ ಕಿಂಡಿಯಿಂದ ಅವಳನ್ನು ಕಂಡಾಗ ರೀಲು ಓಡುತ್ತಿತ್ತು. ಓಡುವ ರೀಲಿಗೆ ತುಂಡು ಹಚ್ಚಲು ಬರುವುದಿಲ್ಲ. ಒಂದು ನಿಮಿಷ ಆಟ ನಿಲ್ಲಿಸಿ ಹಚ್ಚಬಹುದಿತ್ತು. ನಿಲ್ಲಿಸಲಿಲ್ಲ. ಮಾಲಕರಿಗೆ ಹೆದರಿದೆ, ಸಂತೆಯ ಜನ ಕುರ್ಚಿ ಬಡಿಯುತ್ತಾರೆಂದು ಹೆದರಿದೆ. ಆಟ ಬಿಟ್ಟಾಗ ಓಣಿಯವರು ಅವಳನ್ನು “ಎಲ್ಲೆವಾ ಹಿರೋಯಿನ್ನು?” ಎಂದು ಚಾಳಿಸುತ್ತಿದ್ದರು. ನೀನು ಮೆಟ್ಟಿಲು ಹತ್ತಿ ಬಂದು ನನ್ನ ಅಂಗಿ ಹಿಡಿದೆ. “ಮಾಸ್ತರ ಕಿತ್ತ್ಯಾನೇನಲೇ?” ಎಂದೆ. “ನನಗೇನ್ ಗೊತ್ತೋ, ಬಂದದ್ದ ಹಾಂಗ” ಎಂದೆ ನಾನು.

ಆ ನಾಲ್ಕು ಶಬ್ದವನ್ನು ನಾನು ಆಮೇಲೆ ಎಷ್ಟು ಸಾವಿರ ಸಲ ನುಂಗಿದ್ದೇನೋ. ನೀನು ಮರುದಿನವೇ ಜಮಖಂಡಿಗೆ ಹೋಗಿ ಅವರ ಅಂಗಳದಲ್ಲಿ ನಿಂತು, ಹೆಂಡತಿಯ ಎದುರು, ನೆರೆಯವರ ಎದುರು ಬಾಯಿಗೆ ಬಂದಂತೆ ಬೈದೆ. ಅವರು ಒಂದೂ ಮಾತು ಆಡಲಿಲ್ಲ, ತಪ್ಪಿದ್ದಕ್ಕೇ ಬಾಯಿ ಕಟ್ಟಿತು ಎಂದು ಬಂದು ಹೇಳಿದೆ. ಅವರಿಗೆ ಏನೆಂದು ಗೊತ್ತೇ ಇರಲಿಲ್ಲವೋ ಮಾರಾಯ. ಗೊತ್ತಾದದ್ದು ಅದರ ಮರುದಿನ. ನೇರ ನನ್ನ ಬೂತಿಗೆ ಬಂದರು. ಉಳಿದೆರಡು ತುಂಡು ಅಂಟಿಸಿದ್ದೆ. ಅದನ್ನು ಮಾತ್ರ ಅಂಟಿಸಿರಲಿಲ್ಲ, ಅಂಟಿಸಿದರೆ ನನ್ನ ಸುಳ್ಳು ಹೊರಗೆ ಬೀಳುತ್ತಿತ್ತು. ಅವರು ಮೊಳೆಯಿಂದ ಸುರುಳಿ ತೆಗೆದು ಬೆಳಕಿಗೆ ಹಿಡಿದರು.

“ಬಸ್ಸಿಗೇನಪಾ?”

“ಹೌದ್ರೀ.”

ಸುರುಳಿಯನ್ನು ಮತ್ತೆ ಸುತ್ತಿದರು. ಆಮೇಲೆ, “ಮಾಲಕರಿಗೆ ನಾ ಏನೂ ಹೇಳೂದಿಲ್ಲ. ನಿನ್ನ ನೌಕರಿ ಹೋಗಬಾರದು. ಇದನ್ನ ಹಚ್ಚಿ ಬಿಡು, ಆ ಹುಡುಗಿಗೆ ತೋರಿಸು. ಬಾಳೇಶಗ ನೀನ ಹೇಳಿದರ ಛಲೋ” ಅಂದರು. ಸುರುಳಿಯನ್ನು ಮತ್ತೆ ಮೊಳೆಗೆ ಹಾಕಿ ಇಳಿದು ಹೋದರು. ಅದೇ ಕೊನೆ, ಅವರು ಬನಹಟ್ಟಿಯಲ್ಲಿ ಮತ್ತೆಂದೂ ಕ್ಯಾಮರಾ ಇಡಲಿಲ್ಲ. ನಾನು ನಿನಗೆ ಹೇಳುವೆನೆಂದು ಸಾಯುವತನಕ ಕಾದರೇನೋ. ಜಮಖಂಡಿಯ ಪೇಟೆಯಲ್ಲಿ ಎದುರಾದಾಗಲೆಲ್ಲ “ಬಾಳೇಶ ಹ್ಯಾಂಗಿದ್ದಾನು?” ಎಂದಷ್ಟೇ ಕೇಳುತ್ತಿದ್ದರು. ನಾನು ದಾರಿ ತಪ್ಪಿಸಿ ಹೋಗುವುದನ್ನು ಕಲಿತೆ.

ಈಗ ಉಳಿದಿರುವುದು ಜಗತ್ತಿನಲ್ಲಿ ಅದೊಂದೇ ಪ್ರಿಂಟು, ನಮ್ಮ ರಬಕವಿಯದು. ಮುಚ್ಚಿದ ಟಾಕೀಸಿನ ಗೋದಾಮಿನಲ್ಲಿ ಸಿಕ್ಕಿತು. ಮೃಣ್ಮಯಿ ಅದನ್ನು ಪುಣೆಗೆ ಒಯ್ದು ಕಂಪ್ಯೂಟರಿಗೆ ಇಳಿಸಿ ತಂದಿದ್ದಾಳೆ. “ಕಾಕಾ, ಮೂರನೇ ರೀಲ್ ಯಾಕ ಸಣ್ಣ ಅದ? ಅಜ್ಜನ ವಹಿಯೊಳಗ ನೂಲು ಸುತ್ತೋ ಹುಡುಗಿ ಅಂತ ಬರದದ” ಎಂದು ನನ್ನನ್ನೇ ಕೇಳಿದಳು. ಈ ಸಲವೂ ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಕೆಮ್ಮು ಬಂದು ಉಳಿದುಕೊಂಡೆ.

ಭಾನುವಾರ ನಾನೇ ಮೈಕ್ ಹಿಡಿದು ಹೇಳುತ್ತೇನೆ. ಊರು ಏನು ಬೇಕಾದರೂ ಅನ್ನಲಿ. ಆದರೆ ನೀನು ಅದನ್ನು ಐನೂರು ಜನರ ನಡುವೆ ಮೊದಲ ಸಲ ಕೇಳಬಾರದೆಂದು ಈ ಪತ್ರ. ನೀನು ಬಾ. ನನ್ನ ಮುಖ ನೋಡಬೇಡ, ಬೇಕಿದ್ದರೆ ಎಲ್ಲರೆದುರು ಕಪಾಳಕ್ಕೆ ಹೊಡೆ, ಆದರೆ ಬಾ. ಬಂದು ವತ್ಸಲಾಬಾಯಿಯವರ ಪಕ್ಕದಲ್ಲಿ ಎರಡು ನಿಮಿಷ ಕೂತುಕೋ. ಬರದಿದ್ದರೆ ನಾನು ಯಾರ ಎದುರು ಹೇಳಿದರೂ ಅದು ಹೇಳಿದ ಹಾಗಲ್ಲ. ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಶುಕ್ರವಾರ ಸಿಗುತ್ತದೆ ಅಂದಿದ್ದಾರೆ. ಸಿಗಲಿಲ್ಲವೆಂದರೆ ಏನು ಮಾಡಲಿ, ನನಗೆ ತಿಳಿಯದು.

ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ. ನಿನ್ನ ಮೊಮ್ಮಗಳು ನೂರು ವರ್ಷ ಬಾಳಲಿ, ಅವಳನ್ನು ಯಾರೂ ಎಲ್ಲಿಂದಲೂ ಕತ್ತರಿಸದಿರಲಿ.

ಗೆಳೆಯನೆಂದು ಕರೆಸಿಕೊಳ್ಳಲು ಬಾಯಿಲ್ಲದ
ಶಶಿಕಾಂತ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಇದನ್ನು ಹೇಳದಿದ್ದರೆ ಮೇಲಿನದೆಲ್ಲ ಬರೀ ನಾಟಕ.

ನಮ್ಮ ಟಾಕೀಸಿನಲ್ಲಿ ಆ ಸಿನಿಮಾದ ಕೊನೆಯ ದಿನ ಮಧ್ಯಾಹ್ನ ಯಲ್ಲಕ್ಕ ಒಬ್ಬಳೇ ಬೂತಿಗೆ ಬಂದಿದ್ದಳು. ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಬಾಗಿಲ ಹೊರಗೇ ನಿಂತು ಸೆರಗಿನ ತುದಿ ಸುತ್ತುತ್ತಾ ಕೇಳಿದಳು: “ಶಶಿಯಣ್ಣಾ, ಖರೆ ಹೇಳು. ನಾ ಚಂದ ಕಾಣಸ್ಲಿಲ್ಲಂತ ತಗದರೇನು?” ಅವಳು ಒಂದು ಹೆಜ್ಜೆ ಒಳಗಿಟ್ಟಿದ್ದರೆ ಕಾಣುತ್ತಿತ್ತು, ನನ್ನ ಬೆನ್ನ ಹಿಂದಿನ ಮೊಳೆಗೇ ನೇತಾಡುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ. “ಏನೋ ಇರಬೇಕವ್ವಾ” ಎಂದೆ. ಅವಳು ತಲೆಯಾಡಿಸಿ ಮೆಟ್ಟಿಲಿಳಿದು ಹೋದಳು. ಎರಡು ವರ್ಷಕ್ಕೆ ಕಾಮಾಲೆ ಬಂದು ಹೋದಳು, ಹಾಗೇ ತಿಳಿದುಕೊಂಡು. ಅವಳದೊಂದು ಫೋಟೋ ಇಲ್ಲವೆಂದು ನೀನು ಅತ್ತಾಗ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಸುರುಳಿಯನ್ನು ಚಹಾಪುಡಿಯ ಡಬ್ಬಿಯಲ್ಲಿಟ್ಟುಕೊಂಡಿದ್ದೆ. ಮೊನ್ನೆ ತೆಗೆದರೆ ಹುಳಿ ವಾಸನೆ, ಎಲ್ಲಾ ಒಂದಕ್ಕೊಂದು ಅಂಟಿ ಬೆಲ್ಲದ ಪೆಂಟೆಯಂತಾಗಿದೆ. ಕೊನೆಯ ತುದಿಯಲ್ಲಿ ಏಳು ಚಿತ್ರ ಮಾತ್ರ ಬಿಡಿಸಲು ಬಂದವು. ಕಾಗದದಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ಬಗ್ಗಿಸಬೇಡ, ಮುರಿಯುತ್ತದೆ. ಬೆಳಿಗ್ಗೆ ಕಿಟಕಿಗೆ ಹಿಡಿದು ನೋಡು. ಎಳೆಗೆ ಗಂಟು ಹಾಕಿ ಆಗಿದೆ, ತಲೆ ಎತ್ತುತ್ತಿದ್ದಾಳೆ.

ಅಕಿ ಚಂದ ಕಾಣಸ್ತಾಳ, ಬಾಳ್ಯಾ. ಭಾಳ ಚಂದ ಕಾಣಸ್ತಾಳ.