ಅಡುಗೆಮನೆಯ ತಿಮಿಂಗಿಲ

ಪ್ರೀತಿಯ ಅಕ್ಕನಿಗೆ,

ಈ ಸಂಶೋಧನಾ ಹಡಗಿನಲ್ಲಿ ಒಂದು ಪದ್ಧತಿಯಿದೆ. ನೀರಿಗೆ ಮೈಕು ಇಳಿಬಿಟ್ಟು ತಿಮಿಂಗಿಲದ ದನಿ ಕೇಳುವಾಗ ಎಂಜಿನ್ ನಿಲ್ಲಿಸಿ, ಎಲ್ಲರೂ ಚಪ್ಪಲಿ ಬಿಟ್ಟು, ತುಟಿ ಪಿಟಕ್ಕೆನ್ನದೆ ಕೂರಬೇಕು. ಬಾಯಿಗೆ ಬೀಗ ಹಾಕಿಕೊಂಡವಳು ಎಂದು ನೀನು ಬೈಯುತ್ತಿದ್ದ ತಂಗಿಗೆ ಹೇಳಿ ಮಾಡಿಸಿದ ಜಾಗ!

ನಿನ್ನೆ ಹೆಡ್‌ಫೋನ್ ಹಾಕಿಕೊಂಡಿದ್ದ ನಮ್ಮ ಮುಖ್ಯ ವಿಜ್ಞಾನಿ ಮೇಡಂ ಕಣ್ಣರಳಿಸಿದರು. ‘ಈವರೆಗೆ ಯಾರೂ ದನಿ ಕೇಳಿರದ ತಿಮಿಂಗಿಲ!’ ಎಂದು ಚೀಟಿಯಲ್ಲಿ ಬರೆದು ತೋರಿಸಿ, ದಡಕ್ಕೆ ಸುದ್ದಿ ಕಳಿಸಲು ಕೂತೇಬಿಟ್ಟರು. ನನ್ನ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು. ಹಡಗು ವಾಲಿದಾಗಲೆಲ್ಲ ಅದು ನರಳುತ್ತಿತ್ತು, ಅದು ನರಳಿದಾಗಲೆಲ್ಲ ಮೇಡಂ ಕಣ್ಣು ಅರಳುತ್ತಿತ್ತು. ಆ ಸದ್ದೇ ನೀರಿಗಿಳಿದು ಮೈಕಿಗೆ ಮುಟ್ಟುತ್ತಿತ್ತು. ಸುದ್ದಿ ಹೋದರೆ ಮೇಡಂ ಮಾನ ಮೂರು ಕಾಸಿಗೆ, ಹೇಳೋಣವೆಂದರೆ ಮಾತಾಡುವಂತಿಲ್ಲ. ಮೆಲ್ಲನೆ ಎದ್ದು ಹೋಗಿ ಬಾಗಿಲಿಗೆ ಕಾಲು ಅಡ್ಡ ಕೊಟ್ಟೆ.

“ಅಯ್ಯೋ, ಹೊರಟೋಯ್ತು!” ಎಂದು ಮೇಡಂ ಚೀರಿದರು.

ಕಾಲು ತೆಗೆದೆ.

“ಬಂತು, ಬಂತು!”

ಮತ್ತೆ ಅಡ್ಡ ಕೊಟ್ಟೆ. ಈ ಸಲ ಅವರು ತಿರುಗಿ ನನ್ನ ಕಾಲನ್ನೇ ನೋಡಿದರು.

“ಇಷ್ಟೊತ್ತು ನನ್ನ ಕರೀತಿದ್ದದ್ದು ಈ ಬಾಗಿಲೇನಮ್ಮಾ?”

“ಹೂಂ ಮೇಡಂ.”

ಒಳಗಿಂದ ಅಡುಗೆಯವರು, “ಎಣ್ಣೆ ಹಾಕು ಅಂತ ಅದು ವಾರದಿಂದ ಬಡ್ಕೋತಿತ್ತು ಮೇಡಂ, ನಾನೇ ಕೇಳಿಸ್ಕೊಳ್ಳಲಿಲ್ಲ” ಎಂದರು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಬರೆದಿದ್ದ ಸುದ್ದಿಯನ್ನು ಅಳಿಸಿಹಾಕಿದರು.

ಹಡಗಿನ ಓಲಾಟಕ್ಕೆ ಬರುತ್ತಿದ್ದ ವಾಂತಿ ನಿಂತಿದೆ, ಮಾತ್ರೆ ಕಳಿಸಬೇಡ. ಬಂದರಿನ ಅಂಚೆ ಡಬ್ಬಿಯ ಮುಂದೆ ನಿಂತೇ ಬರೆಯುತ್ತಿದ್ದೇನೆ, ಹಡಗು ಕೂಗುತ್ತಿದೆ. ಇವತ್ತಿನಿಂದ ಎರಡನೇ ಹೆಡ್‌ಫೋನ್ ನನ್ನ ಕಿವಿಗಂತೆ, ಮೇಡಂ ಅಪ್ಪಣೆ. ಓಡಿದೆ.

ನಿನ್ನ ತಂಗಿ